ಮೃದುತ್ವವು ದೌರ್ಬಲ್ಯವೇ?

ಗಟ್ಟಿಯಾಗಿ ಕೂಗುವವನ ಮಾತು ಹತ್ತು ಮಂದಿಯ ಕಿವಿಗೆ ಬೀಳುವುದು ಲೋಕಸ್ವಭಾವ. ಆದರೆ ಕೂಗಿದುದೆಲ್ಲ ಸತ್ಯವೆಂದೂ ಮೆಲ್ಲನೆ ನುಡಿದುದೆಲ್ಲ ಸತ್ತ್ವಹೀನವೆಂದೂ ನಿರ್ಣಯಿಸುವುದು ವಿವೇಕಿಗಳ ಲಕ್ಷಣವಲ್ಲ. ಕಲೆಗಳ ಚರಿತ್ರೆಯನ್ನು ಬರೆಯತಕ್ಕವರು ಈ ಅವಿವೇಕಕ್ಕೆ ಮೇಲಿಂದ ಮೇಲೆ ಒಳಗಾಗುತ್ತಿರುವುದನ್ನು ಕಂಡು, ಅದರ ಒಂದು ನಿದರ್ಶನವನ್ನಾದರೂ ವಾಚಕರ ಮುಂದಿಟ್ಟು ವಿಚಾರಮಾಡಬೇಕೆಂದು ಈ ಲೇಖನವನ್ನು ಕೈಕೊಂಡಿದ್ದೇನೆ. ನಿದರ್ಶನವು ದೂರದ್ದು, ಕೆರಿಬಿಯನ್ ಸಮುದ್ರದ ಜಮೈಕ ದ್ವೀಪದ್ದು. ನ್ಯಾಯವು ಮಾತ್ರ ಎಲ್ಲ ದೇಶಗಳಿಗೂ ಒಂದೇ.

ಜಮೈಕದ ಸಂಗೀತವೆಂದೊಡನೆ ಯಾರ ಬಾಯಲ್ಲಾದರೂ ಬರುವ ಹೆಸರು ರೆಗೇ. ಅದರ ಹಿಂದೆಯೇ ಬರುವುದು ಬಾಬ್ ಮಾರ್ಲಿಯ ಹೆಸರು. ಸ್ವಲ್ಪ ಹೆಚ್ಚು ತಿಳಿದವರು, ಅದಕ್ಕೆ ಮೊದಲು ಸ್ಕಾ ಎಂಬ ವೇಗದ ಕುಣಿತದ ಸಂಗೀತವಿತ್ತೆಂದು ಸೇರಿಸುತ್ತಾರೆ. ಇವೆರಡರ ನಡುವೆ, ಸುಮಾರಾಗಿ ೧೯೬೬ರಿಂದ ೧೯೬೮ರವರೆಗೆ, ರಾಕ್‌ಸ್ಟೆಡಿ ಎಂಬ ಇನ್ನೊಂದು ಸಂಗೀತವು ಕಿಂಗ್‌ಸ್ಟನ್ ನಗರದಲ್ಲಿ ಹುಟ್ಟಿ ಬೆಳೆಯಿತು. ತೂಗಾಡುತ್ತಲೇ ಸ್ಥಿರವಾಗಿರುವುದು ಎಂದು ಆ ಹೆಸರಿಗೆ ಅರ್ಥಹೇಳಬಹುದು. ಇದನ್ನು ಚರಿತ್ರಕಾರರು ಸಾಮಾನ್ಯವಾಗಿ ಒಂದು ಪುಟದಲ್ಲಿ ಮುಗಿಸುತ್ತಾರೆ. ಸ್ಕಾ ಎಂಬ ದಡದಿಂದ ರೆಗೇ ಎಂಬ ದಡಕ್ಕೆ ಹಾಕಿದ ಸಂಕವೆಂದು ಅದನ್ನು ಕರೆದು, ದಾಟಿ ಮುಂದೆ ಹೋಗುತ್ತಾರೆ.

ಈ ಕಾಲದ ಗಾಯಕರಲ್ಲಿ ಕೀತ್ ರೋ, ಟೆಕ್ಸಸ್ ಡಿಕ್ಸನ್ ಎಂಬ ಇಬ್ಬರು ತರುಣರಿದ್ದರು. ಕೀತ್ ಮತ್ತು ಟೆಕ್ಸ್ ಎಂಬ ಜೋಡಿಹೆಸರಿನಿಂದ ಇವರು ಪ್ರಸಿದ್ಧರು. ೧೯೬೭ರಲ್ಲಿ ಡೆರಿಕ್ ಹ್ಯಾರಿಯಟ್ ಎಂಬವರ ನಿರ್ಮಾಣದಲ್ಲಿ ಇವರು ಹಾಡಿದ ‘ಟುನೈಟ್’, ‘ಸ್ಟಾಪ್ ದಟ್ ಟ್ರೇನ್’ ಎಂಬ ಎರಡು ಹಾಡುಗಳು ಇಂದಿಗೂ ಬಾಳುತ್ತಿವೆ. ಹ್ಯಾರಿಯಟರು ತಾವೇ ಗಾಯಕರು. ಜೈವಿಂಗ್ ಜೂನಿಯರ್ಸ್ ಎಂಬ ಕಂಠಮೇಳದಲ್ಲಿ ಹಾಡಿ ಪಳಗಿದವರು. ಆದುದರಿಂದ ಕಂಠದ ಮೇಲೆ ಕಂಠವನ್ನು ಹೊಂದಿಸುವ ಕೆಲಸದ ಮರ್ಮವನ್ನು ಬಲ್ಲವರು. ಈ ಜೋಡಿಯ ಗಾನವನ್ನೇ ನಾನು ಇಲ್ಲಿ ಮುಖ್ಯ ಸಾಕ್ಷಿಯಾಗಿ ಕರೆಯುತ್ತೇನೆ.

ರಾಕ್‌ಸ್ಟೆಡಿಯ ಮೇಲೆ ಹೊರಿಸಿರುವ ಆಕ್ಷೇಪಗಳು ಮುಖ್ಯವಾಗಿ ನಾಲ್ಕು. ಬಿಸಿಲಿನ ಸೆಕೆಯಿಂದ ನಿಧಾನವಾದ ಸ್ಕಾ ಅಲ್ಲದೆ ಅದು ಬೇರೇನೂ ಅಲ್ಲವೆಂಬುದು ಮೊದಲನೆಯದು. ಅದರ ಕಂಠಮೇಳವೆಲ್ಲ ಅಮೆರಿಕದವರ ಅನುಕರಣವೆಂಬುದು ಎರಡನೆಯದು. ಜನರು ಬಡತನದಲ್ಲಿ ಬೇಯುತ್ತಿದ್ದಾಗ ಅದು ಪ್ರಣಯಗೀತೆಗಳನ್ನು ಹಾಡುತ್ತ ಕುಳಿತಿತೆಂಬುದು ಮೂರನೆಯದು. ಎರಡೇ ವರ್ಷ ಬದುಕಿದ್ದಕ್ಕೆ ಇಷ್ಟು ಗೌರವವೇಕೆಂಬುದು ನಾಲ್ಕನೆಯದು. ಒಂದೊಂದನ್ನೂ ಪರೀಕ್ಷಿಸೋಣ.

ಸೆಕೆಯ ಕಥೆಯನ್ನು ಮೊದಲು ತೆಗೆದುಕೊಳ್ಳುತ್ತೇನೆ. ೧೯೬೬ರ ಬೇಸಗೆಯಲ್ಲಿ ಧಗೆಯು ಮಿತಿಮೀರಿತ್ತಂತೆ. ಸ್ಕಾದ ವೇಗಕ್ಕೆ ಕುಣಿಯಲಾರದೆ ಜನರು ಬೆವರಿ ಬೇಸತ್ತರಂತೆ. ವಾದ್ಯಗಾರರು ಅವರ ಮೇಲೆ ಕರುಣೆಯಿಟ್ಟು ಕಾಲವನ್ನು ಇಳಿಸಿದರಂತೆ. ಕೇಳುವುದಕ್ಕೆ ಚೆನ್ನಾದ ಕಥೆ. ಆದರೆ ಸೆಕೆಯೇ ಕಾರಣವಾಗಿದ್ದರೆ ಚಳಿಗಾಲ ಬಂದೊಡನೆ ಲಯವು ಮತ್ತೆ ಚುರುಕಾಗಬೇಕಾಗಿತ್ತು. ಹಾಗಾಗಲಿಲ್ಲ, ೧೯೬೭ರಲ್ಲಿಯೇ ರಾಕ್‌ಸ್ಟೆಡಿಯು ತನ್ನ ಉಚ್ಛ್ರಾಯವನ್ನು ಮುಟ್ಟಿತು. ಉಷ್ಣವಲಯದ ದ್ವೀಪಕ್ಕೆ ಬಿಸಿಲು ಹೊಸದೇ? ೧೯೬೪ರಲ್ಲಿ ಸ್ಕಾ ಕುಣಿದವರು ಹಿಮಾಲಯದ ಮೇಲೆ ನಿಂತು ಕುಣಿದರೇ? ಕಲಾವಿದರು ಬುದ್ಧಿಯಿಂದ ಮಾಡಿದ ಕೆಲಸಕ್ಕೆ ಹವಾಮಾನವನ್ನು ಕರ್ತೃವಾಗಿ ನಿಲ್ಲಿಸುವುದು ಆ ಕಲಾವಿದರಿಗೆ ಮಾಡುವ ಅಪಚಾರ.

ನಿಜವಾದ ಕಾರಣಗಳು ವಾದ್ಯಶಾಲೆಯ ಒಳಗೇ ಇವೆ. ಸ್ಕಾ ಸಂಗೀತದ ಬೆನ್ನೆಲುಬಾಗಿದ್ದುದು ಟ್ರಂಪೆಟ್, ಟ್ರೊಂಬೋನ್, ಸ್ಯಾಕ್ಸೊಫೋನ್ ಮೊದಲಾದ ಊದುವಾದ್ಯಗಳ ದೊಡ್ಡ ಮೇಳ. ಅಂಥ ಮೇಳಗಳಲ್ಲಿ ಶ್ರೇಷ್ಠವಾದ ಸ್ಕಾಟಲೈಟ್ಸ್ ೧೯೬೫ರಲ್ಲಿ ಒಡೆದುಹೋಯಿತು. ಊದುವಾದ್ಯಗಳು ಹಿಂದೆ ಸರಿದ ಸ್ಥಳಕ್ಕೆ ಗಿಟಾರು, ಪಿಯಾನೊ, ವಿದ್ಯುತ್ತಿನ ಬೇಸ್ ಗಿಟಾರು ಇವು ಬಂದವು. ಸ್ಕಾದಲ್ಲಿ ಬೇಸ್ ವಾದ್ಯವು ಬಿಡುವಿಲ್ಲದೆ ನಾಲ್ಕೆಣಿಕೆಗೂ ಹೆಜ್ಜೆಹಾಕಿ ನಡೆಯುತ್ತಿತ್ತು; ರಾಕ್‌ಸ್ಟೆಡಿಯಲ್ಲಿ ಅದು ಒಂದು ನುಡಿಯನ್ನು ನುಡಿದು, ನಿಂತು, ಮತ್ತೆ ನುಡಿಯಿತು. ಚರ್ಮವಾದ್ಯದವನು ಮೊದಲನೆಯ ಎಣಿಕೆಯನ್ನು ಬರಿದಾಗಿ ಬಿಟ್ಟು ಮೂರನೆಯದರ ಮೇಲೆ ತನ್ನ ಪೆಟ್ಟನ್ನು ಇಟ್ಟನು. ಲಿನ್ ಟೇಟ್ ಎಂಬ ಗಿಟಾರುವಾದಕರು ಬೇಸ್ ನುಡಿಸಿದ ನುಡಿಯನ್ನೇ ತಮ್ಮ ತಂತಿಯ ಮೇಲೆ ಅದುಮಿದ ದನಿಯಲ್ಲಿ ಮೀಟಿ, ಅದಕ್ಕೆ ಹೊಳಪು ಕೊಟ್ಟರು. ಇವರು ಟ್ರಿನಿಡಾಡಿನವರು, ಉಕ್ಕಿನ ಪೀಪಾಯಿಯಿಂದ ಮಾಡುವ ಸ್ಟೀಲ್‌ಪ್ಯಾನ್ ವಾದ್ಯದಲ್ಲಿ ಮೊದಲು ಕೈಪಳಗಿಸಿದವರು. ಆ ವಾದ್ಯದ ಒಗರುಮಧುರವಾದ ನಾದವು ಇವರ ಗಿಟಾರಿನಲ್ಲಿ ಕೇಳಿಬರುತ್ತದೆಂದರೆ ಆಶ್ಚರ್ಯವಿಲ್ಲ. ಮೊದಲ ರಾಕ್‌ಸ್ಟೆಡಿಯೆಂದು ಅನೇಕರು ಎಣಿಸುವ ಹೋಪ್ಟನ್ ಲೂಯಿಸರ ‘ಟೇಕ್ ಇಟ್ ಈಸಿ’ ಎಂಬ ೧೯೬೬ರ ಹಾಡಿನಲ್ಲಿಯೂ ನುಡಿಸಿದವರು ಇವರೇ. ವೇಗಕ್ಕೆ ತನ್ನ ಮಾತುಗಳು ಕೂಡಿಬಾರದಿರಲು ಲೂಯಿಸರು ಕಾಲವನ್ನು ಇಳಿಸುವಂತೆ ಕೇಳಿಕೊಂಡರೆಂದು ಹೇಳಿಕೆಯುಂಟು. ಕಂಠಕ್ಕಾಗಿ ಲಯವನ್ನು ಇಳಿಸಿದರು ಎಂಬುದನ್ನು ವಾಚಕರು ನೆನಪಿನಲ್ಲಿಡಬೇಕು. ನನ್ನ ವಾದವೆಲ್ಲ ಇದರ ಮೇಲೆ ನಿಂತಿದೆ.

ಇಳಿಸಿದ್ದರಿಂದ ಆದ ಲಾಭವೇನು? ಇದನ್ನು ತಿಳಿಯಬೇಕಾದರೆ ಜೋಡಿಗಾನದ ಕಷ್ಟವನ್ನು ತಿಳಿಯಬೇಕು. ನಮ್ಮ ಸಂಗೀತದಲ್ಲಿ ಇಬ್ಬರು ಕೂಡಿ ಹಾಡುವಾಗ ಇಬ್ಬರದೂ ಒಂದೇ ಸ್ವರ, ಬೇರೆಯಾದರೆ ಅಪಸ್ವರವೆನ್ನುತ್ತೇವೆ. ಪಾಶ್ಚಾತ್ಯ ಪದ್ಧತಿಯ ಕಂಠಮೇಳದಲ್ಲಿ ಹಾಗಲ್ಲ. ಒಬ್ಬನು ಷಡ್ಜವನ್ನು ಹಿಡಿದಾಗ ಇನ್ನೊಬ್ಬನು ಗಾಂಧಾರವನ್ನು ಹಿಡಿಯುತ್ತಾನೆ, ಮೂರನೆಯವನು ಪಂಚಮವನ್ನು. ಮೂರೂ ಕೂಡಿ ಒಂದು ನಾದಸಮುದಾಯವಾಗುತ್ತದೆ. ಒಬ್ಬನು ಮುಂದಿನ ಸ್ವರಕ್ಕೆ ನಡೆದರೆ ಮಿಕ್ಕವರೂ ತಮ್ಮ ತಮ್ಮ ಅಂತರವನ್ನು ಕಾಯ್ದುಕೊಂಡು ನಡೆಯಬೇಕು. ಜಮೈಕದಲ್ಲಿ ಮೂವರು ಹಾಡುವ ಮೇಳಗಳೇ ಹೆಚ್ಚಾಗಿದ್ದುದಕ್ಕೆ ಇದೇ ಕಾರಣ. ಹೆಪ್ಟೋನ್ಸ್, ಪ್ಯಾರಗನ್ಸ್, ಮೆಲೋಡಿಯನ್ಸ್ ಇವರನ್ನು ಉದಾಹರಿಸಬಹುದು. ಮೂವರಿದ್ದರೆ ಸಮುದಾಯವು ತಾನೇ ತುಂಬುತ್ತದೆ. ಇಬ್ಬರೇ ಇದ್ದರೆ ಯಾವಾಗಲೂ ಒಂದು ಸ್ವರ ಕಡಮೆ.

ಈ ಕೊರತೆಯನ್ನು ಜೋಡಿಯವರು ಹೇಗೆ ನೀಗುತ್ತಾರೆ ಎಂಬಲ್ಲಿಯೇ ಅವರ ಕಲೆಯಿದೆ. ಕಡಮೆಯಾದ ಸ್ವರವನ್ನು ಗಿಟಾರಾಗಲಿ ಬೇಸಾಗಲಿ ಕೊಡಬೇಕು. ಕೊಟ್ಟುದು ಕೇಳಬೇಕಾದರೆ ವಾದ್ಯಗಳ ನಡುವೆ ಎಡೆಯಿರಬೇಕು. ಎಡೆಯಿರಬೇಕಾದರೆ ಲಯವು ನಿಧಾನವಾಗಬೇಕು. ಮೇಲಾಗಿ, ಮೂವರಲ್ಲಿ ಒಬ್ಬನ ದನಿ ಕೂದಲೆಳೆಯಷ್ಟು ಜಾರಿದರೆ ಮಿಕ್ಕಿಬ್ಬರ ನಾದದಲ್ಲಿ ಅದು ಮರೆಯಾದೀತು. ಇಬ್ಬರಲ್ಲಿ ಮರೆಯಾಗುವುದಕ್ಕೆ ಸ್ಥಳವೇ ಇಲ್ಲ. ವೇಗದಲ್ಲಿ ತಪ್ಪು ಹಾರಿಹೋಗುತ್ತದೆ. ನಿಧಾನದಲ್ಲಿ ಅದು ಎದುರಿಗೆ ಬಂದು ನಿಲ್ಲುತ್ತದೆ. ಮೃದುವಾಗಿ ಹಾಡುವುದು ಸುಲಭವೆನ್ನುವವರು ಒಮ್ಮೆ ತಮ್ಮ ಗೆಳೆಯನೊಬ್ಬನನ್ನು ಪಕ್ಕದಲ್ಲಿ ಕೂರಿಸಿಕೊಂಡು ಪ್ರಯತ್ನಿಸಿ ನೋಡಲಿ.

ಅದೃಷ್ಟದಿಂದ ಈ ಮಾತಿಗೆ ಕೈಯಲ್ಲಿ ಹಿಡಿಯಬಹುದಾದ ಪ್ರಮಾಣವೇ ಇದೆ. ‘ಸ್ಟಾಪ್ ದಟ್ ಟ್ರೇನ್’ ಎಂಬುದು ಕೀತ್ ಮತ್ತು ಟೆಕ್ಸರ ಸ್ವಂತ ಹಾಡಲ್ಲ. ಸ್ಪ್ಯಾನಿಷ್‌ಟೋನಿಯನ್ಸ್ ಎಂಬ ಮೇಳದವರು ಮೊದಲೇ ಅದನ್ನು ಸ್ಕಾ ಲಯದಲ್ಲಿ ಹಾಡಿದ್ದರು. ವಿಷಯವು ಬಹಳ ಸರಳ. ಪ್ರಿಯೆಯು ರೈಲುಬಂಡಿಯಲ್ಲಿ ಹೊರಟುಹೋಗುತ್ತಿದ್ದಾಳೆ. ಬಂಡಿಯನ್ನು ನಿಲ್ಲಿಸಿರೆಂದು ಪ್ರಿಯನು ಬೇಡುತ್ತಾನೆ. ಸ್ಕಾದ ವೇಗದಲ್ಲಿ ಹಾಡಿದಾಗ ಬಂಡಿಯ ಓಟವು ಕೇಳುತ್ತದೆ, ಕುಣಿಯುವವನಿಗೆ ಸಂತೋಷ. ಜೋಡಿಯವರು ನಿಧಾನದಲ್ಲಿ ಹಾಡಿದಾಗ ಬಂಡಿಯು ಮರೆಯಾಗಿ, ನಿಲ್ದಾಣದಲ್ಲಿ ಉಳಿದವನು ಕೇಳಿಸುತ್ತಾನೆ. ಮಾತು ಅದೇ, ಆದರೆ ಹಾಡು ಮೊದಲ ಸಲ ತನ್ನ ಅರ್ಥವನ್ನು ಪಡೆಯಿತು. ಎರಡನೆಯ ಕಂಠವು ಸೇರುವಾಗ, ಬೇಡುವವನು ಒಬ್ಬಂಟಿಗನಾದರೂ ಅವನ ದುಃಖಕ್ಕೆ ಜೊತೆಯೊಂದು ಸಿಕ್ಕಿದಂತೆ ತೋರುತ್ತದೆ. ಇದು ಕೇವಲ ನಿಧಾನವಾದ ಸ್ಕಾ ಎನ್ನುವವರು ಎರಡನ್ನೂ ಒಂದರ ಹಿಂದೊಂದು ಕೇಳಿ ಉತ್ತರ ಹೇಳಲಿ. ನಿಧಾನವೇ ಪ್ರಧಾನವೆಂಬ ಗಾದೆಯನ್ನು ನಾವು ದಿನವೂ ಹೇಳುತ್ತೇವೆ. ಸಂಗೀತದ ವಿಷಯಕ್ಕೆ ಬಂದಾಗ ಏಕೆ ಮರೆಯಬೇಕು?

ಎರಡನೆಯದು ಅನುಕರಣದ ಆಕ್ಷೇಪ. ಜಮೈಕದ ಗಾಯಕರು ಅಮೆರಿಕದ ಕಪ್ಪು ಜನರ ಸಂಗೀತದಿಂದ, ಅದರಲ್ಲಿಯೂ ಕರ್ಟಿಸ್ ಮೇಫೀಲ್ಡರ ಇಂಪ್ರೆಷನ್ಸ್ ಮೇಳದಿಂದ, ಬಹಳ ಕಲಿತರು. ಆಗಿನ ಎಷ್ಟೋ ಹಾಡುಗಳು ಅಮೆರಿಕದ ಹಾಡುಗಳ ನೇರ ನಕಲುಗಳು. ಅವುಗಳಲ್ಲಿ ಕೆಲವು ಅತಿಯಾದ ಸಕ್ಕರೆಯಿಂದ ನಾಲಗೆಗೆ ಹತ್ತುವುದೂ ನಿಜ. ಇದನ್ನು ನಾನು ಮುಚ್ಚಿಡುವುದಿಲ್ಲ. ಆದರೆ ಎರವಲು ತಂದ ಬಿತ್ತವು ಯಾರ ಹೊಲದಲ್ಲಿ ಮೊಳೆಯಿತು, ಯಾರ ನೀರನ್ನು ಕುಡಿಯಿತು ಎಂಬುದನ್ನು ನೋಡಬೇಡವೇ? ಕಂಠಗಳ ಹೊಂದಾಣಿಕೆ ಅಮೆರಿಕದಿಂದ ಬಂದಿರಬಹುದು. ಅದರ ಕೆಳಗೆ ನಡೆಯುವ ಬೇಸಿನ ನುಡಿ, ಬರಿದಾದ ಮೊದಲ ಎಣಿಕೆ, ಎಣಿಕೆಗಳ ಸಂದಿನಲ್ಲಿ ಗಿಟಾರಿನ ಚಿಕ್ಕ ಪೆಟ್ಟು, ಇವನ್ನು ಯಾವ ಅಮೆರಿಕದವನೂ ಕಲಿಸಿಕೊಡಲಿಲ್ಲ. ಜೋಡಿಗಾನವೂ ಆ ದ್ವೀಪಕ್ಕೆ ನಿನ್ನೆಯದಲ್ಲ. ಹಿಗ್ಸ್ ಮತ್ತು ವಿಲ್ಸನ್, ಆಲ್ಟನ್ ಮತ್ತು ಎಡಿ ಎಂಬ ಜೋಡಿಗಳು ಸ್ವಾತಂತ್ರ್ಯ ಬಂದ ೧೯೬೨ಕ್ಕಿಂತ ಮೊದಲೇ ಹಾಡಿ ಮನ್ನಣೆ ಪಡೆದಿದ್ದವು. ಹಿಗ್ಸ್ ಮತ್ತು ವಿಲ್ಸನರ ‘ಮ್ಯಾನಿ ಓ’ ಎಂಬ ಹಾಡನ್ನು ಮುದ್ರಿಸಿದವರು, ಮುಂದೆ ೧೯೮೦ರಲ್ಲಿ ದೇಶದ ಪ್ರಧಾನಮಂತ್ರಿಗಳಾದ ಎಡ್ವರ್ಡ್ ಸಿಯಾಗರು.

ಈ ಹಿಗ್ಸರ ವಿಷಯದಲ್ಲಿ ಇನ್ನೊಂದು ಮಾತು. ಟ್ರೆಂಚ್‌ಟೌನ್ ಎಂಬ ಬಡವರ ಕೇರಿಯಲ್ಲಿ ಕೆಲವು ಹುಡುಗರನ್ನು ಕೂರಿಸಿಕೊಂಡು ಕಂಠಮೇಳದ ಪಾಠವನ್ನು ಹೇಳಿಕೊಟ್ಟವರು ಈ ಜೋ ಹಿಗ್ಸರೇ. ಆ ಹುಡುಗರೇ ಮುಂದೆ ವೇಲರ್ಸ್ ಎಂದು ಹೆಸರಾದರು. ಬಾಬ್ ಮಾರ್ಲಿ ಅವರಲ್ಲೊಬ್ಬರು. ಎಂದಮೇಲೆ, ಲೋಕಪ್ರಸಿದ್ಧವಾದ ರೆಗೇ ಕಂಠಕ್ಕೆ ಅಕ್ಷರಾಭ್ಯಾಸ ಮಾಡಿಸಿದವರು ಒಂದು ಜೋಡಿಯ ಗಾಯಕರು. ಶಿಷ್ಯನನ್ನು ಹೊಗಳುವ ಭರದಲ್ಲಿ ಗುರುವಿನ ವಿದ್ಯೆಯನ್ನು ಕೀಳುಗಳೆಯುವುದು ಯಾವ ನ್ಯಾಯ?

ಮೂರನೆಯ ಆಕ್ಷೇಪವು ಹೆಚ್ಚು ಗಂಭೀರವಾದುದು. ಏಕೆಂದರೆ ಅದನ್ನು ಎತ್ತುವವರು ಒಳ್ಳೆಯ ಮನಸ್ಸಿನಿಂದ ಎತ್ತುತ್ತಾರೆ. ಸ್ವಾತಂತ್ರ್ಯ ಬಂದು ನಾಲ್ಕು ವರ್ಷಗಳಾಗಿದ್ದರೂ ಪಶ್ಚಿಮ ಕಿಂಗ್‌ಸ್ಟನ್ನಿನ ತರುಣರಿಗೆ ಉದ್ಯೋಗವಿರಲಿಲ್ಲ. ರಾಜಕೀಯ ಪಕ್ಷಗಳ ಕಲಹವು ಬೀದಿಗೆ ಇಳಿದು, ೧೯೬೬ರ ಅಕ್ಟೋಬರಿನಲ್ಲಿ ಸರಕಾರವು ಅಲ್ಲಿ ತುರ್ತುಪರಿಸ್ಥಿತಿಯನ್ನೇ ಘೋಷಿಸಬೇಕಾಯಿತು. ಇಂಥ ಕಾಲದಲ್ಲಿ ಪ್ರಿಯೆಯನ್ನು ಕುರಿತು ಮೆಲುದನಿಯಲ್ಲಿ ಹಾಡುವುದು ಪಲಾಯನವಲ್ಲವೇ ಎಂಬುದು ಇವರ ಪ್ರಶ್ನೆ.

ಮೊದಲನೆಯದಾಗಿ, ಸಂಗತಿಯೇ ಹಾಗಿಲ್ಲ. ಕೇರಿಯ ಪುಂಡ ತರುಣರನ್ನು ಕುರಿತ ಡೆಸ್ಮಂಡ್ ಡೆಕರರ ‘೦೦೭’, ಅವರಿಗೆ ನೂರಾರು ವರ್ಷಗಳ ಸೆರೆವಾಸವನ್ನು ವಿಧಿಸುವ ನ್ಯಾಯಾಧೀಶನ ವೇಷದಲ್ಲಿ ಪ್ರಿನ್ಸ್ ಬಸ್ಟರರು ಹಾಡಿದ ‘ಜಡ್ಜ್ ಡ್ರೆಡ್’, ಇವೆರಡೂ ೧೯೬೭ರ ರಾಕ್‌ಸ್ಟೆಡಿಗಳು. ಸಮಾನ ಹಕ್ಕುಗಳನ್ನು ಕೇಳುವ ಹೆಪ್ಟೋನ್ಸರ ‘ಈಕ್ವಲ್ ರೈಟ್ಸ್’ ೧೯೬೮ರದು. ಅಂದಮೇಲೆ ಮೃದುವಾದ ಲಯವು ಕಠಿನವಾದ ವಿಷಯವನ್ನು ಹೊರಲಾರದೆಂಬುದು ಸುಳ್ಳು.

ಎರಡನೆಯದಾಗಿ, ಪ್ರಣಯಗೀತೆಯೆಂದು ತಳ್ಳಿಹಾಕಿದ ಹಾಡನ್ನೇ ಇನ್ನೊಮ್ಮೆ ನೋಡೋಣ. ಹೊರಟುಹೋಗುವ ಪ್ರಿಯೆ, ನಿಲ್ಲದ ಬಂಡಿ. ಆ ದ್ವೀಪದಲ್ಲಿ ಇದು ಕವಿಸಮಯವಾಗಿತ್ತೇ? ಎರಡನೆಯ ಮಹಾಯುದ್ಧದ ತರುವಾಯ ಜಮೈಕದ ಸಾವಿರಾರು ಜನರು ಹೊಟ್ಟೆಪಾಡಿಗಾಗಿ ಇಂಗ್ಲೆಂಡಿಗೆ ಹೋದರು. ೧೯೬೨ರ ಶಾಸನದಿಂದ ಆ ಬಾಗಿಲು ಇಕ್ಕಟ್ಟಾದ ಮೇಲೆ ಅಮೆರಿಕ, ಕೆನಡಗಳ ಕಡೆಗೆ ತಿರುಗಿದರು. ಹೊರಡುವವರೂ ಉಳಿಯುವವರೂ ಇಲ್ಲದ ಮನೆಯನ್ನು ಆ ಕೇರಿಗಳಲ್ಲಿ ಹುಡುಕಬೇಕಾಗಿತ್ತು. ಹೀಗಿರುವಲ್ಲಿ ವಿಯೋಗವನ್ನು ಹಾಡುವುದು ಜನಜೀವನದಿಂದ ಓಡಿಹೋಗುವುದಾಯಿತೇ? ಹಾಡಿದ ಇಬ್ಬರ ಬಾಳೇ ಇದಕ್ಕೆ ಸಾಕ್ಷಿ. ಕೆಲವೇ ವರ್ಷಗಳಲ್ಲಿ ರೋ ಅಮೆರಿಕಕ್ಕೂ ಡಿಕ್ಸನ್ ಕೆನಡಕ್ಕೂ ವಲಸೆಹೋದರು, ಜೋಡಿಯು ಒಡೆಯಿತು. ಲಿನ್ ಟೇಟರೂ ೧೯೬೮ರಲ್ಲಿ ಕೆನಡಕ್ಕೆ ಹೊರಟು ಅಲ್ಲಿಯೇ ನೆಲಸಿದರು. ಬಂಡಿಯನ್ನು ನಿಲ್ಲಿಸಿರೆಂದು ಹಾಡಿದವರನ್ನು ಬಂಡಿಯೇ ಕೊಂಡೊಯ್ದಿತು. ಬಹುಕಾಲದ ಮೇಲೆ ಇಬ್ಬರೂ ಮತ್ತೆ ಕೂಡಿ ಹಾಡಿದರೆಂಬುದು ಸಮಾಧಾನದ ಸಂಗತಿ.

ಪ್ರತಿಭಟನೆಗೆ ತನ್ನದೇ ಆದ ಸ್ಥಾನವುಂಟು. ಆದರೆ ಹಸಿದವನು ಹಸಿವನ್ನು ಮಾತ್ರ ಹಾಡಬೇಕು, ಬಡವನು ಬಡತನವನ್ನು ಮಾತ್ರ ಹಾಡಬೇಕು ಎಂದು ಕಟ್ಟಳೆ ಮಾಡುವವರು ಅವನ ಮನುಷ್ಯತ್ವದ ಅರ್ಧವನ್ನು ಕಿತ್ತುಕೊಳ್ಳುತ್ತಾರೆ. ಬೀದಿಯಲ್ಲಿ ಗುಂಡಿನ ಶಬ್ದ ಕೇಳುತ್ತಿದ್ದಾಗ ಇಬ್ಬರು ಹುಡುಗರು ಒಬ್ಬರ ದನಿಯನ್ನೊಬ್ಬರು ಕಿವಿಗೊಟ್ಟು ಆಲಿಸಿ, ತಮ್ಮ ದನಿಯನ್ನು ಅದಕ್ಕೆ ತಕ್ಕಷ್ಟೇ ತಗ್ಗಿಸಿ ಹಾಡಿದರು. ಕೂಗಾಟದ ಕಾಲದಲ್ಲಿ ಇದು ಸಣ್ಣ ಧೈರ್ಯವೆಂದು ನನಗೆ ತೋರುವುದಿಲ್ಲ.

ಇನ್ನು ನಾಲ್ಕನೆಯದು: ಬದುಕಿದ್ದು ಎರಡೇ ವರ್ಷವಲ್ಲವೇ ಎಂಬುದು. ಬದುಕಿದ ವರ್ಷಗಳನ್ನು ಎಣಿಸುವವರು ಬಿಟ್ಟುಹೋದ ಆಸ್ತಿಯನ್ನೂ ಎಣಿಸಬೇಕು. ಪ್ಯಾರಗನ್ಸರ ‘ಆನ್ ದಿ ಬೀಚ್’ ಹಾಡಿನಿಂದ ಕಂಠವನ್ನು ತೆಗೆದು ಬರಿಯ ವಾದ್ಯವನ್ನು ನೃತ್ಯಸ್ಥಾನದಲ್ಲಿ ನುಡಿಸಿದಾಗ, ಜನರು ತಾವೇ ಹಾಡಲಾರಂಭಿಸಿದರು. ಡಬ್ ಎಂಬ ಮುಂದಿನ ಪ್ರಯೋಗಗಳಿಗೆ ಅದು ನಾಂದಿಯಾಯಿತು. ಡ್ಯೂಕ್ ರೀಡರು ಬಾಂಡ್ ಬೀದಿಯ ತಮ್ಮ ಮದ್ಯದಂಗಡಿಯ ಮಹಡಿಯಲ್ಲಿ ಮುದ್ರಿಸಿದ್ದ ಹಳೆಯ ರಾಕ್‌ಸ್ಟೆಡಿಗಳ ಮೇಲೆ ಯು-ರಾಯ್ ಎಂಬವರು ೧೯೭೦ರಲ್ಲಿ ಲಯಬದ್ಧವಾಗಿ ಮಾತುಗಳನ್ನು ನುಡಿದು ದೇಶವನ್ನೇ ಗೆದ್ದರು. ಮುಂದೆ ಅಮೆರಿಕದಲ್ಲಿ ಬೆಳೆದ ರ್‍ಯಾಪ್ ಕಲೆಯ ಪೂರ್ವಜರಲ್ಲಿ ಇದನ್ನೂ ಎಣಿಸುತ್ತಾರೆ. ನಮ್ಮ ಜೋಡಿಯ ‘ಸ್ಟಾಪ್ ದಟ್ ಟ್ರೇನ್’ ಹಾಡಿನ ಮೇಲೆಯೇ ಸ್ಕಾಟಿ ಎಂಬವರು ‘ಡ್ರಾ ಯುವರ್ ಬ್ರೇಕ್ಸ್’ ಎಂಬುದನ್ನು ಕಟ್ಟಿದರು. ೧೯೭೨ರ ‘ದಿ ಹಾರ್ಡರ್ ದೇ ಕಮ್’ ಎಂಬ ಚಲನಚಿತ್ರದ ಮೂಲಕ ಅದು ಖಂಡಾಂತರಗಳಲ್ಲಿ ಕೇಳಿಬಂತು. ಪ್ಯಾರಗನ್ಸರಿಗಾಗಿ ಜಾನ್ ಹೋಲ್ಟರು ರಚಿಸಿದ ‘ದಿ ಟೈಡ್ ಈಸ್ ಹೈ’ ಹಾಡನ್ನು ೧೯೮೦ರಲ್ಲಿ ಬ್ಲಾಂಡಿ ಎಂಬ ಅಮೆರಿಕದ ಮೇಳವು ಹಾಡಿ, ಇಂಗ್ಲೆಂಡ್ ಅಮೆರಿಕಗಳೆರಡರಲ್ಲಿಯೂ ಅಗ್ರಸ್ಥಾನಕ್ಕೆ ಏರಿಸಿತು. ಎಲ್ಲರೂ ಬಂದು ನೀರು ಸೇದಿಕೊಂಡು ಹೋದ ಬಾವಿಯನ್ನು ಹಳ್ಳವೆಂದು ಕರೆಯುವುದು ನ್ಯಾಯವೇ?

ಇದರಲ್ಲಿ ಬರಿಯ ಹೆಸರಿನ ಪ್ರಶ್ನೆಯಿಲ್ಲ, ಋಣದ ಪ್ರಶ್ನೆಯಿದೆ. ಆ ಕಾಲದ ಜಮೈಕದಲ್ಲಿ ಗಾಯಕನು ಒಂದು ಹಾಡಿಗೆ ಒಮ್ಮೆ ಒಂದಿಷ್ಟು ಹಣವನ್ನು ತೆಗೆದುಕೊಂಡು ಹೋಗುವುದೇ ಸಾಮಾನ್ಯ ಪದ್ಧತಿಯಾಗಿತ್ತು. ಆ ಹಾಡು ಎಷ್ಟು ಬಾಳಿದರೂ ಅವನಿಗೆ ಬರತಕ್ಕದ್ದು ಅಷ್ಟೇ. ದೇಶಕ್ಕೆ ತನ್ನದೇ ಆದ ಕೃತಿಸ್ವಾಮ್ಯದ ಶಾಸನ ಬಂದದ್ದು ೧೯೯೩ರಲ್ಲಿ. ಹಣವನ್ನು ಪಡೆಯದೆ ಹೋದವರಿಗೆ ಉಳಿದಿರುವ ಸಂಭಾವನೆಯೆಂದರೆ ಕೀರ್ತಿಯೊಂದೇ. ಅದನ್ನೂ ಸಂಕವೆಂಬ ಒಂದು ಮಾತಿನಿಂದ ಕಸಿದುಕೊಂಡರೆ ಅವರಿಗೆ ಏನು ಉಳಿಯಿತು? ೨೦೧೮ರಲ್ಲಿ ಯುನೆಸ್ಕೋ ಸಂಸ್ಥೆಯು ಜಮೈಕದ ರೆಗೇಯನ್ನು ಮಾನವಕುಲದ ಪರಂಪರೆಯ ಪಟ್ಟಿಗೆ ಸೇರಿಸಿ ಗೌರವಿಸಿತು. ಬಹಳ ಸಂತೋಷ. ಹಣ್ಣನ್ನು ಸನ್ಮಾನಿಸಿದವರು ಹೂವನ್ನೂ ಒಮ್ಮೆ ನೆನೆಯಲಿ ಎಂಬುದಷ್ಟೇ ನನ್ನ ಬೇಡಿಕೆ.

ಮಾರ್ಲಿಯವರನ್ನು ಒಂದು ಮೆಟ್ಟಲು ಕೆಳಗಿಳಿಸಬೇಕೆಂದು ನಾನು ಹೇಳುವುದಿಲ್ಲ. ಏರಿಹೋದವರು ಏಣಿಯನ್ನು ಒದೆಯಬಾರದೆಂದು ಹೇಳುತ್ತೇನೆ; ಒದೆಯುತ್ತಿರುವವರು ಅವರೂ ಅಲ್ಲ, ಅವರ ಚರಿತ್ರೆಯನ್ನು ಬರೆಯುವ ಅಭಿಮಾನಿಗಳು. ವಾಚಕ ಮಹಾಶಯರಲ್ಲಿ ಆಸಕ್ತಿಯುಳ್ಳವರು ಒಂದು ಸಂಜೆ, ಮನೆಯ ಕೆಲಸಗಳು ಮುಗಿದ ಮೇಲೆ, ಈ ಜೋಡಿಯ ಹಾಡನ್ನು ಕೇಳಲಿ. ಮೊದಲ ಸಲ ಮುಂದಾಳಿನ ಕಂಠವನ್ನು ಹಿಂಬಾಲಿಸಲಿ. ಎರಡನೆಯ ಸಲ ಅದನ್ನು ಬಿಟ್ಟು, ಅದರ ಪಕ್ಕದಲ್ಲಿ ನಡೆಯುವ ಇನ್ನೊಂದು ಕಂಠವನ್ನು ಮಾತ್ರ ಹಿಡಿದುಕೊಳ್ಳಲಿ. ತುಂಬಿದ ಕೊಡ ತುಳುಕುವುದಿಲ್ಲವೆಂಬ ಮಾತಿನ ಅರ್ಥವು ಆಗ ಕಿವಿಗೇ ತಿಳಿದೀತು. ತಿಳಿದ ಮೇಲೂ ಇದು ದೌರ್ಬಲ್ಯವೆಂದು ಯಾರಾದರೂ ಹೇಳುವುದಾದರೆ, ಅವರು ತಮ್ಮ ಕಾರಣಗಳನ್ನು ಇದೇ ಪುಟಗಳಲ್ಲಿ ಬರೆಯಲಿ. ಉತ್ತರ ಕೊಡುವುದಕ್ಕೆ ಸಿದ್ಧನಿದ್ದೇನೆ.